ಭ್ರೂಣದಲ್ಲಿ ಚಕ್ರವರ್ತಿಯುಂಟೆ?

ಇಟಗಿಯ ಮಹಾದೇವ ದೇವಾಲಯವನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಆ ಗುಡಿಗೆ ಈ ಬಿರುದು ಸಲ್ಲತಕ್ಕದ್ದೇ. ಆದರೆ ಅಂಥದೇ ಬಿರುದನ್ನು ಜೀವವಿಜ್ಞಾನದ ಬರಹಗಾರರು ಕೆಲವು ಜೀನುಗಳಿಗೆ ಕೊಟ್ಟು ಅವನ್ನು ‘ಒಡೆಯ ಜೀನು’ಗಳೆನ್ನುವುದುಂಟು, ಭ್ರೂಣದ ಕೋಶವು ಮುಂದೆ ಏನಾಗುವುದೋ ಅದನ್ನು ಅದರ ‘ಹಣೆಬರಹ’ವೆನ್ನುವುದೂ ಉಂಟು. ಈ ಎರಡು ಮಾತುಗಳೂ ವಿಚಾರಾರ್ಹವಾದುವು.

ಮೊದಲನೆಯದನ್ನು ನೋಡೋಣ. ಹಣ್ಣಿನ ನೊಣದ ತತ್ತಿಯ ಮುಂತುದಿಯಲ್ಲಿ ತಾಯಿಯು ಬೈಕಾಯ್ಡ್ ಜೀನಿನ ಸಂದೇಶವಾಹಕ ಆರ್‌ಎನ್‌ಎಯನ್ನು ಇರಿಸಿರುತ್ತದೆ. ಅದರಿಂದಾದ ಪ್ರೋಟೀನು ಮುಂದೆ ದಟ್ಟವಾಗಿಯೂ ಹಿಂದೆ ವಿರಳವಾಗಿಯೂ ಹರಡುವುದೆಂದು 1988ರಲ್ಲಿ ಡ್ರೀವರ್ ಮತ್ತು ನ್ಯೂಸ್ಲೈನ್-ಫೋಲ್ಹಾರ್ಟ್ ತೋರಿಸಿದರು. ಬೈಕಾಯ್ಡಿಲ್ಲದ ತಾಯಿಯ ಭ್ರೂಣದಲ್ಲಿ ತಲೆಯೂ ಎದೆಯೂ ಮೂಡುವುದಿಲ್ಲ. ಆದ್ದರಿಂದ ಅದನ್ನು ಒಡೆಯನೆನ್ನಲು ಮನಸ್ಸಾಗುವುದು ಸಹಜ. ಆದರೆ ಈವನ್-ಸ್ಕಿಪ್ಡ್ ಜೀನಿನ ಎರಡನೆಯ ಪಟ್ಟೆಯನ್ನು ಗಮನಿಸಬೇಕು. ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಅದನ್ನು ಪ್ರಚೋದಿಸುತ್ತವೆ. ಮುಂದಿನ ಎಲ್ಲೆಯಲ್ಲಿ ಜೈಂಟ್, ಹಿಂದಿನ ಎಲ್ಲೆಯಲ್ಲಿ ಕ್ರ್ಯೂಪೆಲ್ ತಡೆಯುತ್ತವೆ. ಆ ಪಟ್ಟೆಯು ಹಲವರ ಒಡಂಬಡಿಕೆಯೇ ಹೊರತು ಒಬ್ಬನ ಅಪ್ಪಣೆಯಲ್ಲ. ಮೇಲಾಗಿ ಜೇನುನೊಣಕ್ಕೆ ಬೈಕಾಯ್ಡ್ ಇಲ್ಲವೇ ಇಲ್ಲ. ಆದರೂ ಅದಕ್ಕೆ ತಲೆ ಮೂಡುತ್ತದೆ.

ಅಲ್ಟ್ರಾಬೈಥೊರಾಕ್ಸ್ ಜೀನು ಕೆಟ್ಟರೆ ನೊಣಕ್ಕೆ ನಾಲ್ಕು ರೆಕ್ಕೆ ಬರುವುದಲ್ಲ, ಅದು ಒಡೆತನವಲ್ಲವೆ? ಎಂದು ಆಕ್ಷೇಪಿಸಬಹುದು. ಎಲ್. ಎಸ್. ಶಶಿಧರ ಅವರ ಬಳಗದ ಸಂಶೋಧನೆಗಳಿಂದ ತಿಳಿಯುವುದೇನೆಂದರೆ, ಅದೂ ರೆಕ್ಕೆಯನ್ನು ಬೆಳೆಸುವ ಸಂಕೇತಗಳನ್ನು ಹಲವು ಹಂತಗಳಲ್ಲಿ ತಿದ್ದಿಯೇ ಕೆಲಸ ಮಾಡುತ್ತದೆ.

ಇನ್ನು ಹಣೆಬರಹದ ಮಾತು. 1962ರಲ್ಲಿ ಜಾನ್ ಗರ್ಡನ್ ಅವರು ಕಪ್ಪೆಮರಿಯ ಕರುಳುಕೋಶದ ಕೇಂದ್ರವನ್ನು, ಸ್ವಂತ ಕೇಂದ್ರವನ್ನು ನಾಶಪಡಿಸಿದ ತತ್ತಿಯಲ್ಲಿಟ್ಟು ಮತ್ತೆ ಕಪ್ಪೆಮರಿಗಳನ್ನು ಪಡೆದರು. 2006ರಲ್ಲಿ ತಾಕಾಹಾಶಿ ಮತ್ತು ಯಮಾನಾಕಾ ಅವರು ಇಲಿಯ ಪಕ್ವಕೋಶಗಳಿಗೆ ನಾಲ್ಕು ನಿಯಾಮಕಗಳನ್ನು ಸೇರಿಸಿ ಅವನ್ನು ಭ್ರೂಣಕೋಶಸದೃಶವಾದ ಸ್ಥಿತಿಗೆ ಮರಳಿಸಿದರು. ಅಳಿಸಿ ಬರೆಯಬಹುದಾದುದು ಹಣೆಬರಹವೆಂತಾದೀತು?

ತಪ್ಪು ಪದವು ವಿದ್ಯಾರ್ಥಿಯ ಮನಸ್ಸಿನಲ್ಲಿ ತಪ್ಪು ಚಿತ್ರವನ್ನು ನೆಲೆಗೊಳಿಸುತ್ತದೆ. ಆದುದರಿಂದ ‘ನಿಯಾಮಕ ಜೀನು’, ‘ಕೋಶಗತಿ’ ಎಂಬ ಪದಗಳು ಲೇಸೆಂದು ನಮ್ಮ ಅಭಿಪ್ರಾಯ. ಗತಿಯಲ್ಲಿ ಚಲನೆಯಿದೆ, ತಿರುವಿಗೆ ಎಡೆಯಿದೆ. ಇಟಗಿಯ ಗುಡಿಯನ್ನು ಕಟ್ಟಿಸಿದವನು ಒಬ್ಬ ದಂಡನಾಯಕ, ನಿಜ. ಕಲ್ಲನ್ನು ಕಡೆದ ಕೈಗಳು ಮಾತ್ರ ಹಲವು.