ದೂಧ್‌ಕಾಶಿಗೆ ಹೋದವನು, ಗದ್ದೆಯಲ್ಲೇ ಉಳಿದವನು

ಬದುಕಿನ ಅರ್ಥ ಬೇಕೆಂದರೆ ಹಿಮಾಲಯವನ್ನೇ ಹತ್ತಬೇಕೆ? ನಾಗ್ ಅಶ್ವಿನ್ ಅವರ ಮೊದಲ ತೆಲುಗು ಚಿತ್ರ ‘ಎವಡೇ ಸುಬ್ರಮಣ್ಯಂ’ (2015) ಹತ್ತಲೇಬೇಕು ಅನ್ನುತ್ತದೆ. ದುಡ್ಡು, ಬಡ್ತಿ ಎಂದು ಹಪಹಪಿಸುವ ಸುಬ್ಬು (ನಾನಿ), ಹಾಗೇ ಅಲೆಯುವ ಗೆಳೆಯ ರಿಷಿ (ವಿಜಯ್ ದೇವರಕೊಂಡ), ಇಬ್ಬರ ಬಾಲ್ಯದ ಕನಸು ಹಿಮಾಲಯದ ದೂಧ್‌ಕಾಶಿ. ರಿಷಿ ಇರುವಷ್ಟು ಹೊತ್ತು ಚಿತ್ರ ನಗಿಸುತ್ತದೆ, ಚುಚ್ಚುತ್ತದೆ. ಅವನು ಸತ್ತ ಮೇಲೆ ಹಿಮಶಿಖರಗಳದ್ದೇ ಅಭಿನಯ. ಅಷ್ಟು ಎತ್ತರದಲ್ಲಿ ಯಾರಿಗೆ ತಾನೇ ವೈರಾಗ್ಯ ಬಾರದು!

ಬದುಕಿನ ಅರ್ಥದ ಪ್ರಶ್ನೆಗೆ ಇನ್ನೊಂದು ಉತ್ತರ ತಮಿಳುನಾಡಿನ ತೇನಿ ಜಿಲ್ಲೆಯ ಆಂಡಿಪಟ್ಟಿಯ ಪಕ್ಕದಲ್ಲೇ ಇದೆ. ಆಂಡಿಪಟ್ಟಿಯಿಂದ ಮಧುರೆ ದಾರಿಯಲ್ಲಿ ಗುಡ್ಡಸಾಲು ದಾಟಿದರೆ ಉಸಿಲಂಪಟ್ಟಿ. ಎಂ. ಮಣಿಕಂಠನ್ ತಾವೇ ಬರೆದು, ತಾವೇ ಕ್ಯಾಮೆರಾ ಹಿಡಿದು ‘ಕಡೈಸಿ ವಿವಸಾಯಿ’ (2022) ತೆಗೆದದ್ದು ಆ ಸೀಮೆಯಲ್ಲಿ.

ಕುಲದೇವರ ಹಬ್ಬಕ್ಕೆ ಊರಿನದೇ ಹೊಸ ಭತ್ತ ಬೇಕು. ಬೆಳೆಯುವವನು ಉಳಿದಿರುವುದು ಒಬ್ಬನೇ, ಎಂಬತ್ತು ದಾಟಿದ, ಕಿವಿ ಮಂದವಾದ ಮಾಯಾಂಡಿ. ಸತ್ತುಬಿದ್ದ ನವಿಲುಗಳನ್ನು ಹೂತದ್ದಕ್ಕೆ ಅವುಗಳನ್ನು ಕೊಂದ ಕೇಸು ಅವನ ತಲೆಗೆ ಬೀಳುತ್ತದೆ. ಕೋರ್ಟಿನಲ್ಲಿ ಅವನಿಗೆ ಜೈಲಿನ ಭಯವಿಲ್ಲ, ಪೈರು ಒಣಗುತ್ತದಲ್ಲ ಎಂಬ ಚಿಂತೆ. ಕೊನೆಗೆ ಗದ್ದೆಗೆ ನೀರು ಕಟ್ಟುವ ಕೆಲಸ ಒಬ್ಬ ಪೊಲೀಸ್ ಪೇದೆಯ ಪಾಲಿಗೆ ಬರುತ್ತದೆ. ಚಿತ್ರದ ಹಾಸ್ಯ ಇಲ್ಲಿದೆ: ಯಾರೂ ನಗಿಸಲು ಹೊರಟಿಲ್ಲ, ಸರ್ಕಾರವೇ ಕೆಸರಿಗಿಳಿದಿದೆ.

ಅರ್ಥ ಹುಡುಕುವವನು ಇಲ್ಲಿಯೂ ಒಬ್ಬನಿದ್ದಾನೆ. ವಿಜಯ್ ಸೇತುಪತಿ ಮಾಡಿದ ರಾಮಯ್ಯ ಮೈತುಂಬ ಚೀಲ ಹೊತ್ತು, ಸತ್ತ ಪ್ರೇಯಸಿ ಜೊತೆಗಿದ್ದಾಳೆಂದು ನಂಬಿ, ಮುರುಗನ ಗುಡಿಗಳನ್ನು ಸುತ್ತುತ್ತಾ ಕೊನೆಗೆ ಬೆಟ್ಟದಲ್ಲಿ ಕಣ್ಮರೆಯಾಗುತ್ತಾನೆ. ಅವನದು ಒಂಥರಾ ದೂಧ್‌ಕಾಶಿಯೇ. ಆದರೆ ಮಣಿಕಂಠನ್ ಅವನನ್ನು ಮಾಯಾಂಡಿಗಿಂತ ಮೇಲೆ ಕೂರಿಸುವುದಿಲ್ಲ. ನನಗೆ ಇಷ್ಟವಾದದ್ದು ಈ ವಿವೇಕ.

ಕುಂದುಗಳೂ ಇವೆ. ಜಮೀನು ಮಾರಿ ಆನೆ ಕೊಂಡವನಾಗಿ ಯೋಗಿ ಬಾಬು ಬರುವ ಪ್ರಸಂಗ ಬೇರೆ ಚಿತ್ರದಿಂದ ತಪ್ಪಿಸಿಕೊಂಡು ಬಂದಂತಿದೆ. ಮ್ಯಾಜಿಸ್ಟ್ರೇಟ್ ಒಬ್ಬರನ್ನು ಬಿಟ್ಟರೆ ಹೆಂಗಸರು ಲೆಕ್ಕಕ್ಕಿಲ್ಲ. ನಾಟಿ, ಕಳೆ, ಕೊಯ್ಲು ಯಾರ ಕೈಯಿಂದ ಆಗುತ್ತದೆಂದು ಬಲ್ಲವರಿಗೆ ಇದು ಸಣ್ಣ ಕೊರತೆಯಲ್ಲ. ಹಬ್ಬಕ್ಕಾಗಿ ಜಾತಿಗಳೆಲ್ಲ ಕೂಡಿಬರುವ ಸಲೀಸೂ ಹೆಚ್ಚಾಯಿತು.

ಆದರೂ ತೂಕ ಈ ಕಡೆಗೇ. ಸುಬ್ಬುವಿನ ಜ್ಞಾನೋದಯ ಸಂಬಳ, ರಜೆ ಎರಡೂ ಇದ್ದವನದು. ಮಾಯಾಂಡಿ ಆ ಪ್ರಶ್ನೆಯನ್ನೇ ಕೇಳಿಕೊಂಡವನಲ್ಲ. ನೀರು ಹಾಯಿಸಬೇಕಿತ್ತು, ಪುರುಸೊತ್ತಿರಲಿಲ್ಲ. ಆ ಪಾತ್ರ ಮಾಡಿದ ನಲ್ಲಾಂಡಿ ವೃತ್ತಿಯ ನಟರಲ್ಲ. ಚಿತ್ರ ತೆರೆ ಕಾಣುವ ಮೊದಲೇ ತೀರಿಕೊಂಡರು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಚಿತ್ರ ಅತ್ಯುತ್ತಮ ತಮಿಳು ಚಿತ್ರವಾಯಿತು, ನಲ್ಲಾಂಡಿಯವರಿಗೆ ಮರಣೋತ್ತರವಾಗಿ ವಿಶೇಷ ಉಲ್ಲೇಖ ಸಂದಿತು.