ಏಳು ಜೋಡಿಯೋ, ಒಂದೇ ಜೋಡಿಯೋ: ಹೀಬ್ರೂ ಬೈಬಲ್ಲನ್ನು ಜನರಿಗೆ ಓದಿಸಿದ ವಿದ್ವಾಂಸರು

ಆದಿಕಾಂಡದ 6ನೇ ಅಧ್ಯಾಯದಲ್ಲಿ ದೇವರು ನೋಹನಿಗೆ ಪ್ರತಿಯೊಂದು ಜಾತಿಯಲ್ಲೂ ಒಂದು ಗಂಡು, ಒಂದು ಹೆಣ್ಣನ್ನು ನಾವೆಗೆ ಸೇರಿಸಿಕೊಳ್ಳಲು ಹೇಳುತ್ತಾನೆ. 7ನೇ ಅಧ್ಯಾಯಕ್ಕೆ ಬಂದರೆ ಶುದ್ಧ ಪ್ರಾಣಿಗಳಲ್ಲಿ ಏಳೇಳು ಜೋಡಿ, ಅಶುದ್ಧ ಪ್ರಾಣಿಗಳಲ್ಲಿ ಒಂದೊಂದು ಜೋಡಿ ಎಂದಾಗುತ್ತದೆ. ಮಳೆ 40 ದಿನ ಸುರಿಯಿತೆಂದು ಒಂದು ಕಡೆ ಇದೆ, ನೀರು 150 ದಿನ ಭೂಮಿಯನ್ನು ಮುಚ್ಚಿತ್ತೆಂದು ಇನ್ನೊಂದು ಕಡೆ ಇದೆ. ಈ ಒಡಕು ಕಾಣಲು ಹೀಬ್ರೂ ಬರಬೇಕಿಲ್ಲ. ಕನ್ನಡ ಸತ್ಯವೇದದಲ್ಲೂ ಅದು ಎದ್ದು ಕಾಣುತ್ತದೆ.

ಇದನ್ನು ಮೊದಲು ಕಂಡವರು ಆಧುನಿಕ ವಿದ್ವಾಂಸರೇನಲ್ಲ. 11ನೇ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಊರಿನಲ್ಲಿದ್ದ ಯೆಹೂದಿ ವ್ಯಾಖ್ಯಾನಕಾರ ರಾಶಿ, ನಾವೆಯಿಂದ ಇಳಿದ ಮೇಲೆ ನೋಹ ಬಲಿ ಅರ್ಪಿಸಬೇಕಲ್ಲ, ಅದಕ್ಕೇ ಏಳು ಎಂದು ವಿವರಿಸಿದ. ಒಂದೇ ಜೋಡಿ ಇದ್ದಿದ್ದರೆ ಬಲಿಯೊಂದಿಗೆ ಆ ಜಾತಿಯೇ ಅಳಿದುಹೋಗುತ್ತಿತ್ತು. 19ನೇ ಶತಮಾನದ ಜರ್ಮನ್ ವಿದ್ವಾಂಸರೂ ಬಲಿಯ ಸುಳಿವನ್ನೇ ಹಿಡಿದರು, ಆದರೆ ತಲುಪಿದ ಜಾಗ ಬೇರೆ. ಇಲ್ಲಿ ಇಬ್ಬರು ಬರಹಗಾರರಿದ್ದಾರೆ ಎಂದರು ಅವರು. ಒಬ್ಬನ ಕಥೆಯಲ್ಲಿ ನೋಹ ಬಲಿ ಕೊಡುತ್ತಾನೆ, ಹಾಗಾಗಿ ಏಳು ಜೋಡಿ ಬೇಕು. ಇನ್ನೊಬ್ಬ ಯಾಜಕ ವರ್ಗದವನು. ಸೀನಾಯಿಯಲ್ಲಿ ಆರೋನನಿಗೆ ಯಾಜಕತ್ವ ದೊರೆಯುವ ಮೊದಲು ಯಾರೂ ಬಲಿ ಅರ್ಪಿಸುವಂತಿಲ್ಲ ಎಂಬುದು ಅವನ ನಂಬಿಕೆ, ಹಾಗಾಗಿ ಅವನಿಗೆ ಒಂದು ಜೋಡಿ ಸಾಕು. ರಾಶಿಗೆ ಮಾತನಾಡುತ್ತಿರುವವನು ಒಬ್ಬನೇ, ಆದ್ದರಿಂದ ಎರಡು ಮಾತು ಒಂದನ್ನೊಂದು ತುಂಬಬೇಕು. ಜರ್ಮನರಿಗೆ ಬರೆದ ಕೈಗಳೇ ಎರಡು.

ಪ್ರಶ್ನೆ ಒಂದೇ, ಸುಳಿವೂ ಒಂದೇ. ಉತ್ತರವನ್ನು ಬೇರೆ ಮಾಡಿದ್ದು ಓದುವವರು ಮೊದಲೇ ಒಪ್ಪಿಕೊಂಡು ಬಂದ ನಂಬಿಕೆ. ಹೀಬ್ರೂ ಬೈಬಲ್ಲನ್ನು ಪಾಂಡಿತ್ಯದ ಕೋಣೆಯಿಂದ ಹೊರತಂದು ಜನರ ಕೈಗಿಟ್ಟ ಲೇಖಕರನ್ನು ಅಳೆಯಲು ಇದೇ ಸರಿಯಾದ ಅಳತೆ ಎಂದು ನನಗನಿಸುತ್ತದೆ. ತೀರ್ಪನ್ನಷ್ಟೇ ಕೊಟ್ಟರೋ, ತೀರ್ಪಿಗೆ ಹೋದ ದಾರಿಯನ್ನೂ ತೋರಿಸಿದರೋ?

ಈ ವಿದ್ವತ್ತಿಗೆ ಜನಸಾಮಾನ್ಯರ ಬಗ್ಗೆ ಮೊದಲಿನಿಂದಲೂ ಅಳುಕಿತ್ತು. 12ನೇ ಶತಮಾನದ ಸ್ಪೇನಿನ ಅಬ್ರಹಾಂ ಇಬ್ನ್ ಎಜ್ರ, ಮೋಶೆ ಬರೆದನೆಂದು ನಂಬಲಾದ ಗ್ರಂಥಗಳ ಕೆಲವು ವಾಕ್ಯಗಳನ್ನು ಅವನೇ ಬರೆದಿರಲು ಸಾಧ್ಯವೇ ಎಂಬ ಅನುಮಾನವನ್ನು ಒಗಟಿನಂತೆ ಸೂಚಿಸಿ, ತಿಳಿದವರು ಬಾಯಿ ಮುಚ್ಚಿಕೊಂಡಿರಲಿ ಎಂಬ ಧಾಟಿಯಲ್ಲಿ ಮುಂದೆ ಹೋದ. ಆ ಒಗಟನ್ನು ಬಿಡಿಸಿ ಬಹಿರಂಗವಾಗಿ ಹೇಳಿದವನು ತತ್ವಜ್ಞಾನಿ ಸ್ಪಿನೋಜಾ. 1670ರಲ್ಲಿ ಆತನ ಗ್ರಂಥ ಲೇಖಕನ ಹೆಸರಿಲ್ಲದೆ, ಮುದ್ರಣವಾದ ಊರಿನ ಸುಳ್ಳು ಹೆಸರಿನೊಂದಿಗೆ ಹೊರಬಂತು. ಬರೆದದ್ದು ಲ್ಯಾಟಿನ್ನಿನಲ್ಲಿ. ಜನಸಾಮಾನ್ಯರು ಇದನ್ನು ಓದುವುದು ಬೇಡವೆಂದು ಮುನ್ನುಡಿಯಲ್ಲೇ ಹೇಳಿದ್ದ, ಮರುವರ್ಷ ಡಚ್ ಅನುವಾದ ಸಿದ್ಧವಾಗುತ್ತಿದೆಯೆಂದು ತಿಳಿದಾಗ ಅದನ್ನು ತಡೆಯುವಂತೆ ಗೆಳೆಯನಿಗೆ ಪತ್ರ ಬರೆದ. ಬೈಬಲ್ಲನ್ನು ಬೇರೆ ಯಾವುದೇ ಪುಸ್ತಕದಂತೆ ಓದಬೇಕೆಂದ ಮನುಷ್ಯನೇ ತನ್ನ ಪುಸ್ತಕ ಊರವರ ಕೈಗೆ ಸಿಗಬಾರದೆಂದು ಬಯಸಿದ್ದ. ಅವನ ಭಯ ಸುಳ್ಳಾಗಿರಲಿಲ್ಲ.

ಆ ಗೋಡೆಯನ್ನು ಒಡೆದವನು ಸ್ಕಾಟ್ಲೆಂಡಿನ ವಿಲಿಯಂ ರಾಬರ್ಟ್‌ಸನ್ ಸ್ಮಿತ್. ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 9ನೇ ಆವೃತ್ತಿಗೆ 1875ರಲ್ಲಿ ಆತ ಬರೆದ ‘ಬೈಬಲ್’ ಲೇಖನ ಮನೆಮನೆಯ ಕಪಾಟಿಗೆ ಹೊಸ ವಿದ್ವತ್ತನ್ನು ತಲುಪಿಸಿತು. ಚರ್ಚ್ ವಿಚಾರಣೆ ನಡೆಸಿ 1881ರಲ್ಲಿ ಅಬರ್ಡೀನ್‌ನ ಪ್ರಾಧ್ಯಾಪಕ ಹುದ್ದೆಯಿಂದ ಆತನನ್ನು ತೆಗೆಯಿತು. ಆ ವಿವಾದದ ನಡುವೆಯೂ ಸ್ಮಿತ್ ಸುಮ್ಮನಿರಲಿಲ್ಲ. ಆ ವರ್ಷವೇ ಎಡಿನ್‌ಬರೋ ಮತ್ತು ಗ್ಲಾಸ್ಗೋದಲ್ಲಿ ಸಾರ್ವಜನಿಕರೆದುರು ಸರಣಿ ಉಪನ್ಯಾಸ ನೀಡಿ ಪುಸ್ತಕವಾಗಿ ಪ್ರಕಟಿಸಿದ. ಜರ್ಮನಿಯಲ್ಲಿ ಈ ಪಂಥದ ಶಿಖರಪುರುಷ ಯೂಲಿಯಸ್ ವೆಲ್‌ಹೌಸೆನ್ ತನ್ನ ದಾರಿ ತಾನೇ ಆರಿಸಿಕೊಂಡ. ತಾನು ಕಲಿಸುವ ಪಾಠ ವಿದ್ಯಾರ್ಥಿಗಳನ್ನು ಪಾದ್ರಿ ವೃತ್ತಿಗೆ ಅಯೋಗ್ಯರನ್ನಾಗಿ ಮಾಡುತ್ತಿದೆ ಎಂದು ಹೇಳಿ 1882ರಲ್ಲಿ ದೇವತಾಶಾಸ್ತ್ರದ ಪೀಠಕ್ಕೆ ರಾಜೀನಾಮೆ ಕೊಟ್ಟ. ತಿಳಿದದ್ದನ್ನು ಮರೆಮಾಚಿ ಸಂಬಳ ಎಣಿಸುವುದಕ್ಕಿಂತ ಅದು ಪ್ರಾಮಾಣಿಕ.

ವೆಲ್‌ಹೌಸೆನ್ ಸಿದ್ಧಾಂತದ ತಿರುಳು ಇಷ್ಟು: ಮೋಶೆಯ ಹೆಸರಿನ ಐದು ಗ್ರಂಥಗಳು ನಾಲ್ಕು ಮೂಲಗಳಿಂದ ಹೆಣೆದವು. ದೇವರಿಗೆ ಬಳಸಿದ ಹೆಸರು, ಶೈಲಿ, ಪೂಜಾವಿಧಿಯ ಕಲ್ಪನೆ ಇವುಗಳಿಂದ ಅವನ್ನು ಬೇರ್ಪಡಿಸಬಹುದು. ಯಾಜಕ ಮೂಲವೇ ಎಲ್ಲಕ್ಕಿಂತ ಈಚಿನದು, ಬ್ಯಾಬಿಲೋನಿನ ಸೆರೆಯ ನಂತರದ್ದು. ಈ ತರ್ಕದ ಹೆಣಿಗೆ ಬೆರಗು ಹುಟ್ಟಿಸುವಂಥದ್ದು. ಆದರೆ ಅದರೊಳಗೆ ಒಂದು ಪೂರ್ವಗ್ರಹವೂ ಸೇರಿಕೊಂಡಿತ್ತು. ಪ್ರವಾದಿಗಳ ಸಹಜ ಧರ್ಮ ಯಾಜಕರ ಕಟ್ಟಳೆಯಲ್ಲಿ ಒಣಗಿಹೋಯಿತು ಎಂಬ ಆತನ ಕಥನಕ್ರಮದಲ್ಲಿ, ಮುಂದಿನ ಯೆಹೂದಿ ಧರ್ಮವೆಲ್ಲ ಅವನತಿಯ ಕಥೆಯಾಯಿತು. ಯೆಹೂದಿ ವಿದ್ವಾಂಸ ಸಾಲೊಮನ್ ಶೆಕ್ಟರ್ 1903ರಲ್ಲಿ ಇದನ್ನು ಪಾಂಡಿತ್ಯದ ವೇಷ ತೊಟ್ಟ ಯೆಹೂದಿ ದ್ವೇಷವೆಂದು ಖಂಡಿಸಿದರು. ಅವರ ಮಾತು ಕಟುವಾಗಿದ್ದರೂ ನಿರಾಧಾರವಲ್ಲ. ಮೂಲಗಳನ್ನು ಗುರುತಿಸುವ ವಿಧಾನ ಬೇರೆ, ಅವುಗಳಿಗೆ ಏಳುಬೀಳಿನ ಚರಿತ್ರೆ ಕಟ್ಟುವುದು ಬೇರೆ. ಜನರಿಗಾಗಿ ಬರೆದ ಎಷ್ಟೋ ಪುಸ್ತಕಗಳು ಈ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಟ್ಟವು.

ಈ ಪಂಥವನ್ನು ಅಮೆರಿಕದ ಸಾಮಾನ್ಯ ಓದುಗರಿಗೆ ತಲುಪಿಸಿದ ಪುಸ್ತಕ ರಿಚರ್ಡ್ ಎಲಿಯಟ್ ಫ್ರೀಡ್‌ಮನ್ ಅವರ ‘ಹೂ ರೋಟ್ ದ ಬೈಬಲ್?’ (1987). ಪತ್ತೇದಾರಿ ಕಥೆಯಂತೆ ಓದಿಸಿಕೊಳ್ಳುವ ಈ ಪುಸ್ತಕದ ಒಳ್ಳೆಯ ಗುಣ ದೊಡ್ಡದು: ನೋಹನ ಕಥೆಯನ್ನು ಎರಡು ಬಗೆಯ ಅಕ್ಷರಗಳಲ್ಲಿ ಅಚ್ಚುಹಾಕಿ, ಎರಡು ಕಥೆಗಳೂ ಬೇರೆಬೇರೆಯಾಗಿ ನಿಲ್ಲುತ್ತವೆಯೇ ಎಂದು ನೀವೇ ನೋಡಿ ಎನ್ನುತ್ತದೆ. ಓದುಗನಿಗೆ ಇಷ್ಟು ಗೌರವ ಕೊಟ್ಟವರು ಕಡಿಮೆ. ದೋಷವೂ ಇಲ್ಲಿಂದಲೇ ಹುಟ್ಟುತ್ತದೆ. ಪತ್ತೇದಾರಿ ಕಥೆಗೆ ಕೊನೆಯಲ್ಲಿ ಒಬ್ಬ ಆಸಾಮಿ ಸಿಕ್ಕಲೇಬೇಕು. ಹಾಗಾಗಿ ಧರ್ಮೋಪದೇಶಕಾಂಡದ ಹಿಂದೆ ಪ್ರವಾದಿ ಯೆರೆಮೀಯನ ಬಳಗವೂ ಇಡೀ ಸಂಕಲನದ ಹಿಂದೆ ಎಜ್ರನೂ ನಿಲ್ಲುತ್ತಾರೆ. ಸುಳಿವುಗಳು ಅಷ್ಟು ದೂರ ಕರೆದೊಯ್ಯುವುದಿಲ್ಲ. ಪುಸ್ತಕ ಅಂಗಡಿಗೆ ಬರುವ ಹೊತ್ತಿಗೆ ಮೂಲಗಳ ಬಗೆಗಿನ ಒಮ್ಮತವೂ ಬಿರುಕು ಬಿಟ್ಟಿತ್ತು. 1975ರಲ್ಲಿ ಜಾನ್ ವಾನ್ ಸೆಟರ್ಸ್, 1977ರಲ್ಲಿ ರೋಲ್ಫ್ ರೆಂಟಾರ್ಫ್ ನಾಲ್ಕು ಮೂಲಗಳ ಚೌಕಟ್ಟನ್ನೇ ಪ್ರಶ್ನಿಸಿದ್ದರು. 1990ರಲ್ಲಿ ಸಾಹಿತ್ಯ ವಿಮರ್ಶಕ ಹೆರಾಲ್ಡ್ ಬ್ಲೂಮ್, ಅತಿ ಹಳೆಯದೆನ್ನುವ ಮೂಲವನ್ನು ಬರೆದವಳು ಅರಮನೆಯ ಪರಿಸರದ ಒಬ್ಬ ಹೆಂಗಸು ಎಂದು ಕಲ್ಪಿಸಿ ಹೆಸರು ಮಾಡಿದರು. ಊಹೆ ಕಾದಂಬರಿಯಾಗಲು ತಡವಾಗಲಿಲ್ಲ.

ನೆಲ ಅಗೆದವರಿಂದ ಬಂದ ಬೆಳಕು ಬೇರೆ ಬಗೆಯದು. 1872ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಸ್ಮಿತ್ ಅಸೀರಿಯಾದ ಜೇಡಿಮಣ್ಣಿನ ಹಲಗೆಯೊಂದರಲ್ಲಿ ಪ್ರಳಯದ ಕಥೆ ಓದಿದಾಗ, ನಾವೆ, ಹಾರಿಬಿಟ್ಟ ಪಾರಿವಾಳ, ಬಲಿಯ ವಾಸನೆಗೆ ಮನಸೋತ ದೇವತೆಗಳು ಎಲ್ಲವೂ ಅಲ್ಲಿದ್ದವು. ನೋಹನ ಕಥೆ ಇಸ್ರಾಯೇಲರ ಸ್ವಂತ ಆಸ್ತಿಯಷ್ಟೇ ಆಗಿ ಉಳಿಯಲಿಲ್ಲ. ಇಸ್ರೇಲ್ ಫಿಂಕೆಲ್‌ಸ್ಟೈನ್ ಮತ್ತು ನೀಲ್ ಆಷರ್ ಸಿಲ್ಬರ್‌ಮನ್ 2001ರಲ್ಲಿ ಬರೆದ ‘ದ ಬೈಬಲ್ ಅನ್‌ಅರ್ಥ್ಡ್’, ಯೆಹೋಶುವನ ದಂಡಯಾತ್ರೆಗೆ ಮಣ್ಣಿನಲ್ಲಿ ಸಾಕ್ಷಿಯಿಲ್ಲ, ಕ್ರಿ.ಪೂ. 7ನೇ ಶತಮಾನದ ಅರಸ ಯೋಷೀಯನ ಕಾಲದ ರಾಜಕೀಯವೇ ಈ ಇತಿಹಾಸಕ್ಕೆ ರೂಪ ಕೊಟ್ಟಿತು ಎಂದು ವಾದಿಸಿತು. ಸಾಕ್ಷಿಯಿಲ್ಲ ಎನ್ನುವ ಭಾಗ ಗಟ್ಟಿ. ಯೋಷೀಯನ ಭಾಗ ಚರ್ಚೆಗೆ ಬಿಟ್ಟದ್ದು. ಆ ಪುಸ್ತಕ ಎರಡನ್ನೂ ಒಂದೇ ಏರುದನಿಯಲ್ಲಿ ಹೇಳುತ್ತದೆ.

ಬೈಬಲ್ಲನ್ನು ಚೂರು ಮಾಡಿದ್ದು ಸಾಕು, ಇಡಿಯಾಗಿ ಓದೋಣ ಎಂದವರು ಸಾಹಿತ್ಯ ವಿಮರ್ಶಕರು. ನಾಜಿಗಳಿಂದ ತಪ್ಪಿಸಿಕೊಂಡು ಇಸ್ತಾಂಬುಲ್‌ನಲ್ಲಿದ್ದ ಎರಿಕ್ ಔಅರ್‌ಬಾಖ್ ‘ಮಿಮೆಸಿಸ್’ (1946) ಗ್ರಂಥದ ಮೊದಲ ಅಧ್ಯಾಯದಲ್ಲಿ ಹೋಮರನ ಪಕ್ಕ ಅಬ್ರಹಾಮನನ್ನು ನಿಲ್ಲಿಸಿದ. ಹೋಮರ್ ಎಲ್ಲವನ್ನೂ ಬೆಳಕಿಗೆ ತರುತ್ತಾನೆ. ಮಗನನ್ನು ಬಲಿಗೆ ಕರೆದೊಯ್ಯುವ ತಂದೆಯ ಮೂರು ದಿನದ ಪಯಣದಲ್ಲಿ ಹೀಬ್ರೂ ಕಥೆಗಾರ ಏನನ್ನೂ ಹೇಳದೆ ಎಲ್ಲವನ್ನೂ ನಮ್ಮ ಮೇಲೆ ಹೊರಿಸುತ್ತಾನೆ. ಬರ್ಕ್ಲಿಯ ರಾಬರ್ಟ್ ಆಲ್ಟರ್ 1981ರಲ್ಲಿ ‘ದ ಆರ್ಟ್ ಆಫ್ ಬಿಬ್ಲಿಕಲ್ ನೆರೇಟಿವ್’ ಬರೆದು ಈ ದಾರಿಯನ್ನು ಹೆದ್ದಾರಿ ಮಾಡಿದರು. ಯೋಸೇಫನ ಕಥೆಯ ನಡುವೆ ತುರುಕಿದಂತೆ ಕಾಣುವ ಯೆಹೂದ ಮತ್ತು ಅವನ ಸೊಸೆ ತಾಮಾರಳ ಅಧ್ಯಾಯ ಅವರ ಕೈಯಲ್ಲಿ ಅರ್ಥ ಪಡೆಯುತ್ತದೆ. ಹೋತದ ರಕ್ತ ಬಳಿದ ಅಂಗಿಯನ್ನು ಮುಂದಿಟ್ಟು ಗುರುತು ಹಿಡಿಯಪ್ಪಾ ಎಂದು ತಂದೆಗೆ ಮೋಸ ಮಾಡಿದ ಗುಂಪಿನಲ್ಲಿದ್ದ ಯೆಹೂದನಿಗೆ, ತಾಮಾರಳು ಅವನದೇ ಮುದ್ರೆ, ದಾರ, ಕೋಲುಗಳನ್ನು ಕಳಿಸಿ ಗುರುತು ಹಿಡಿ ಎನ್ನುತ್ತಾಳೆ. ಹಳೆಯ ಮಿದ್ರಾಶ್ ವ್ಯಾಖ್ಯಾನ ಇದನ್ನು ಆಗಲೇ ಗಮನಿಸಿತ್ತು. ಆಲ್ಟರ್ ಆ ಋಣವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ.

ಪ್ರಳಯದ ಕಥೆಗೂ ಇಂಥ ಓದು ದೊರಕಿತು. 7, 7, 40, 150, 150, 40, 7, 7 ಎಂದು ದಿನಗಳು ಏರಿ ಇಳಿಯುತ್ತವೆ, ನಟ್ಟನಡುವೆ ದೇವರು ನೋಹನನ್ನು ನೆನಪಿಸಿಕೊಂಡ ಎಂಬ ಮಾತು ಬರುತ್ತದೆ ಎಂದು 1978ರಲ್ಲಿ ಗಾರ್ಡನ್ ವೆನ್‌ಹ್ಯಾಮ್ ತೋರಿಸಿದರು. ಇದರಿಂದ ಎರಡು ಮೂಲಗಳ ವಾದ ಬಿದ್ದುಹೋಯಿತೆಂದು ಕೆಲವರು ಸಂಭ್ರಮಿಸಿದ್ದು ಅವಸರದ ಮಾತು. ಹೊಲಿಗೆ ಚೆನ್ನಾಗಿದೆ ಎಂದರೆ ಬಟ್ಟೆ ಒಂದೇ ತುಂಡಿನದು ಎಂದಾಗುವುದಿಲ್ಲ. ಆಲ್ಟರ್ ಸ್ವತಃ ಬೇರೆಬೇರೆ ಮೂಲಗಳನ್ನು ಒಪ್ಪಿ, ಜೋಡಿಸಿದವನನ್ನೇ ಕಲಾವಿದ ಎನ್ನುತ್ತಾರೆ. ಆದರೂ ಜಾಣ ಓದುಗನಿಗೆ ಯಾವ ಒಡಕನ್ನೂ ಕೌಶಲ ಎನ್ನುವುದು ಸುಲಭ, ಲಿಪಿಕಾರನ ತಪ್ಪೂ ಕೊನೆಗೆ ಕಲೆಯಾಗಿಬಿಡುತ್ತದೆ. ಈ ಪಂಥದ ಪ್ರಲೋಭನೆಯೇ ಅದು.

ಇನ್ನೂ ದೊಡ್ಡ ಕೊರತೆಯನ್ನು ಫಿಲಿಸ್ ಟ್ರಿಬಲ್ ಎತ್ತಿ ತೋರಿಸಿದರು. ‘ಟೆಕ್ಸ್ಟ್ಸ್ ಆಫ್ ಟೆರರ್’ (1984) ಪುಸ್ತಕದಲ್ಲಿ ಅವರು ಆರಿಸಿದ್ದು ದಾಸಿ ಹಾಗರಳು, ಅಣ್ಣನಿಂದಲೇ ಅತ್ಯಾಚಾರಕ್ಕೊಳಗಾದ ದಾವೀದನ ಮಗಳು ತಾಮಾರಳು, ಹರಕೆಗೆ ಬಲಿಯಾದ ಯೆಪ್ತಾಹನ ಮಗಳು, ನ್ಯಾಯಸ್ಥಾಪಕರ 19ನೇ ಅಧ್ಯಾಯದ ಹೆಸರಿಲ್ಲದ ಉಪಪತ್ನಿ. ನಿರೂಪಣೆಯ ಸೂಕ್ಷ್ಮಗಳನ್ನು ಅವರೂ ಅಷ್ಟೇ ಜತನದಿಂದ ಓದುತ್ತಾರೆ, ಆದರೆ ಆ ಸೊಬಗು ಯಾರ ಬಾಯಿ ಮುಚ್ಚಿಸಿದೆ ಎಂದೂ ಕೇಳುತ್ತಾರೆ. ಕಲೆಯನ್ನು ಮೆಚ್ಚಿ ಕ್ರೌರ್ಯದ ಪಕ್ಕದಲ್ಲಿ ಮೆಲ್ಲಗೆ ನಡೆದುಹೋಗುವ ಓದಿಗೆ ಇದು ಸರಿಯಾದ ಉತ್ತರ.

ಇವರೆಲ್ಲರಿಗಿಂತ ಭಿನ್ನ ಕೆಲಸ ಮಾಡಿದವರು ನೆಹಾಮಾ ಲೈಬೋವಿಟ್ಸ್. ರಿಗಾದಲ್ಲಿ 1905ರಲ್ಲಿ ಹುಟ್ಟಿ ಜೆರುಸಲೇಮಿನಲ್ಲಿ 1997ರಲ್ಲಿ ತೀರಿಕೊಂಡ ಈ ಅಧ್ಯಾಪಕಿ 1942ರಲ್ಲಿ ಆಯಾ ವಾರದ ಬೈಬಲ್ ಪಾಠದ ಮೇಲೆ ಪ್ರಶ್ನೆಗಳ ಹಾಳೆಗಳನ್ನು ಅಂಚೆಯಲ್ಲಿ ಕಳಿಸತೊಡಗಿದರು. ಸುಮಾರು 30 ವರ್ಷ ಅದು ನಡೆಯಿತು. ಉತ್ತರ ಬರೆದು ಕಳಿಸಿದವರಿಗೆ ತಾವೇ ತಿದ್ದಿ ಮರಳಿಸುತ್ತಿದ್ದರು. ರಾಶಿ ಹೀಗೆ ಹೇಳಿದ, ಇನ್ನೊಬ್ಬ ವ್ಯಾಖ್ಯಾನಕಾರ ರಂಬಾನ್ ಒಪ್ಪಲಿಲ್ಲ, ವಾಕ್ಯದಲ್ಲಿ ಯಾವ ತೊಡಕು ಇಬ್ಬರನ್ನೂ ಕಾಡಿತು ಎಂಬ ಬಗೆಯ ಪ್ರಶ್ನೆಗಳು ಅವು. ಕಷ್ಟದ ಪ್ರಶ್ನೆಗೆ ಒಂದು ಗುರುತು, ಬಹು ಕಷ್ಟದ್ದಕ್ಕೆ ಎರಡು. ಮೂಲಗಳ ವಿಂಗಡಣೆಗೂ ಉತ್ಖನನಕ್ಕೂ ಅವರು ಬಹುಮಟ್ಟಿಗೆ ಬೆನ್ನು ಹಾಕಿದ್ದರು. ಇದು ಸಣ್ಣ ಮಿತಿಯಲ್ಲ, ಅವರ ಹಾಳೆಗಳಲ್ಲಿ ಜಾರ್ಜ್ ಸ್ಮಿತ್ ಓದಿದಂಥ ಜೇಡಿಮಣ್ಣಿನ ಹಲಗೆಗಳಿಗೆ ಅಷ್ಟಾಗಿ ಜಾಗವಿಲ್ಲ. ಆದರೂ ಓದುಗನನ್ನು ಕೇಳುಗನಾಗಿ ಕೂರಿಸದೆ ಕೆಲಸಕ್ಕೆ ಹಚ್ಚಿದ್ದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಹಳೆಯ ವ್ಯಾಖ್ಯಾನ ಮತ್ತು ಹೊಸ ವಿಮರ್ಶೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟವರು ಜೇಮ್ಸ್ ಕ್ಯೂಗೆಲ್. ಸಾಂಪ್ರದಾಯಿಕ ಯೆಹೂದಿಯಾದ ಅವರು ‘ಹೌ ಟು ರೀಡ್ ದ ಬೈಬಲ್’ (2007) ಪುಸ್ತಕದಲ್ಲಿ ಪ್ರಾಚೀನರು ಒಂದೊಂದು ಭಾಗವನ್ನು ಹೇಗೆ ಓದಿದರು, ಆಧುನಿಕರು ಹೇಗೆ ಓದುತ್ತಾರೆ ಎಂದು ಪಕ್ಕಪಕ್ಕದಲ್ಲಿ ಬಿಡಿಸುತ್ತಾರೆ, ಕೊನೆಗೆ ಎರಡೂ ಒಂದಾಗಲಾರವು ಎಂದು ನೇರವಾಗಿ ಹೇಳುತ್ತಾರೆ. ಆಕ್ಸ್‌ಫರ್ಡ್ 2004ರಲ್ಲಿ ಹೊರತಂದ ‘ದ ಜ್ಯೂಯಿಶ್ ಸ್ಟಡಿ ಬೈಬಲ್’ ಕೂಡ ಪುಟದ ಅಂಚಿನಲ್ಲಿ ರಾಶಿಗೂ ವಿಮರ್ಶಕರಿಗೂ ಜಾಗ ಕೊಟ್ಟಿತು. ನಂಬಿಕೆಯುಳ್ಳವರಿಗೆ ಕ್ಯೂಗೆಲ್ ಪುಸ್ತಕದ ಕೊನೆ ಅರ್ಧಕ್ಕೇ ನಿಂತಂತೆ ಕಾಣಬಹುದು. ನನಗೆ ಅದು ಮರ್ಯಾದೆಯ ನಿಲುಗಡೆ: ಸಂಧಾನ ಸಾಧ್ಯವಿಲ್ಲದ ಕಡೆ ಸಂಧಾನವಾಯಿತೆಂದು ಅವರು ಹೇಳಲಿಲ್ಲ.

ಹೀಗೆ ನೋಡಿದರೆ ಈ ಪರಂಪರೆಯ ಗೆಲುವು ಸೋಲುಗಳು ಪಂಥದ ಪ್ರಕಾರ ಹಂಚಿಹೋಗಿಲ್ಲ. ನಾಲ್ಕು ಮೂಲದವರಲ್ಲೂ ಕಲೆಯ ಪಕ್ಷದವರಲ್ಲೂ ಸಂಪ್ರದಾಯದವರಲ್ಲೂ ಪುರಾವೆ ಮುಗಿದ ಕಡೆ ನಿಂತವರು ಉಳಿದಿದ್ದಾರೆ, ಅದನ್ನು ದಾಟಿ ಕಥೆ ಕಟ್ಟಿದವರು ಹಳಬರಾಗಿದ್ದಾರೆ. ಹಿಂದೆ ಸ್ಪಿನೋಜಾನ ಭಯ ಓದುಗರಿಂದ ವಿಷಯವನ್ನು ಬಚ್ಚಿಟ್ಟಿತು. ಇಂದು ಮಾರುಕಟ್ಟೆಯ ಅವಸರ ಅವರಿಂದ ಅನುಮಾನವನ್ನು ಬಚ್ಚಿಡುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದು ತಿಳಿವಳಿಕೆಯ ಹೆಸರಿನಲ್ಲೇ ಬರುತ್ತದೆ.

ಆದ್ದರಿಂದ ಈ ವಿಷಯದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುವ ಮೊದಲು ಆದಿಕಾಂಡದ 6ರಿಂದ 9ರವರೆಗಿನ ಅಧ್ಯಾಯಗಳನ್ನು ಕನ್ನಡದಲ್ಲೇ ಒಮ್ಮೆ ಓದಿ, ಎಲ್ಲಿ ಎಡವಿದಿರೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆಮೇಲೆ ಪುಸ್ತಕದ ಲೇಖಕರು ಆ ಗೆರೆಗಳ ಬಗ್ಗೆ ಏನು ಹೇಳುತ್ತಾರೆ ನೋಡಿ. ನೀವು ಎಡವಿದ್ದನ್ನು ಗಮನಿಸದೆ ಉತ್ತರ ಕೊಡುವ ಪುಸ್ತಕವನ್ನು, ಅದು ಭಕ್ತರದ್ದಾಗಲಿ ವಿಮರ್ಶಕರದ್ದಾಗಲಿ, ಕೆಳಗಿಡಬಹುದು.