ಬಿತ್ತಿದ ವಾಣಿ, ಬೆಳೆದ ಶಾಪ

ಪಾಲಹಳ್ಳಿಯವರಿಗೆ ಹೊಳೆಯಾಚೆಯೇ ಶ್ರೀರಂಗಪಟ್ಟಣ. ಅಲ್ಲಿನ ರಂಗನಾಯಕಿ ಅಮ್ಮನವರಿಗೆ ಮಂಗಳವಾರ, ಶುಕ್ರವಾರ ತೊಡಿಸುತ್ತಿದ್ದ ಒಡವೆಗಳಿಂದ ಅಲಮೇಲಮ್ಮನ ಕಥೆ ಶುರುವಾಗುತ್ತದೆ. ಅದನ್ನು ಕೇಳಿ ಬೆಳೆದವರು ಫ್ರ್ಯಾಂಕ್ ಹರ್ಬರ್ಟ್‌ನ ‘ಡ್ಯೂನ್’ (1965) ಓದಿದರೆ ಮೆಚ್ಚುತ್ತಲೇ ಒಂದು ಕೊರತೆಯನ್ನೂ ಕಾಣುತ್ತಾರೆ.

ಡ್ಯೂನ್ ಎಂದರೆ ಮರಳ ದಿಬ್ಬ. ಮರಳುಗ್ರಹ ಅರಾಕಿಸ್‌ನ ಫ್ರೆಮೆನ್ ಜನ ಉದ್ಧಾರಕನೊಬ್ಬನಿಗಾಗಿ ಕಾದಿದ್ದಾರೆ. ಆ ನಂಬಿಕೆಯನ್ನು ಬಿತ್ತಿಹೋದದ್ದು ಬೆನೆ ಗೆಸ್ಸೆರಿಟ್ ಎಂಬ ಹೆಂಗಸರ ಪಂಥ. ಮುಂದೆಂದಾದರೂ ತಮ್ಮವರು ಅಲ್ಲಿ ಸಿಕ್ಕಿಬಿದ್ದರೆ ಆಸರೆಯಾಗಲೆಂದು. ತಲೆಮಾರುಗಳಾಚೆ ಅದೇ ಪಂಥದ ಜೆಸ್ಸಿಕಾ ಆ ಬೆಳೆ ಕೊಯ್ಯುತ್ತಾಳೆ. ಮಗ ಪೌಲ್ ‘ಮಹ್ದಿ’ಯಾಗುತ್ತಾನೆ, ‘ಲಿಸಾನ್ ಅಲ್-ಗೈಬ್’ ಆಗುತ್ತಾನೆ. ಬಿರುದೆಂಬ ಅಂಗಿ ಮೊದಲೇ ಹೊಲಿದಿತ್ತು, ತೊಡುವ ಮೈ ಆಮೇಲೆ ಬಂತು. ಇದನ್ನು ಇಷ್ಟು ನಿಷ್ಠುರವಾಗಿ ಬಿಡಿಸಿಟ್ಟದ್ದೇ ಹರ್ಬರ್ಟ್‌ನ ಹಿರಿಮೆ. 1969ರ ‘ಡ್ಯೂನ್ ಮೆಸ್ಸಾಯ’ದಲ್ಲಿ ಆ ಬಿರುದಿನ ಬೆಲೆಯೂ ಇದೆ: ಪೌಲನ ಹೆಸರಿನ ಯುದ್ಧದಲ್ಲಿ ಸತ್ತವರು 6,100 ಕೋಟಿ.

ಇನ್ನು ನಮ್ಮ ಮರಳಿನ ಕಥೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣ ಪಡೆದರು. ಆತನ ಮಡದಿ ಅಲಮೇಲಮ್ಮ, ತನ್ನ ಬಳಿಯಿದ್ದ ಆ ಅಮ್ಮನವರ ಒಡವೆಗಾಗಿ ಬೆನ್ನಟ್ಟಿದ ಒಡೆಯರ ಕಡೆಯವರನ್ನು ಶಪಿಸಿ ಕಾವೇರಿಗೆ ಹಾರಿದಳಂತೆ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರು ದೊರೆಗಳಿಗೆ ಸಂತಾನವಿಲ್ಲ. ಮಾಧವಮಂತ್ರಿ ಅಣೆಕಟ್ಟೆಯಿಂದ ಹೊಳೆಯ ಹರಿವು ತಗ್ಗಿ, ಬಯಲಾದ ಮರಳನ್ನು ಗಾಳಿ ಊರ ಮೇಲೆ ತಂದು ಸುರಿಯಿತೆಂಬುದು ವಿಜ್ಞಾನಿ, ಕಾದಂಬರಿಕಾರ ಕೆ. ಎನ್. ಗಣೇಶಯ್ಯನವರ ವಾದ. ಹಾಗಿದ್ದರೆ ಶಾಪವನ್ನೂ ಯಾರೋ ಬಿತ್ತಿದ್ದೇ. ಕಣ್ಣೆದುರಿನ ಮರಳಿಗೆ ಜನ ಕಾರಣ ಹುಡುಕಿಕೊಂಡರು. ದತ್ತು ಬಂದ ದೊರೆಗೆ ಮಕ್ಕಳಾದಾಗ ಶಾಪ ಸುಳ್ಳಾಯಿತೆನ್ನಲಿಲ್ಲ; ಅದು ಒಂದು ತಲೆಮಾರು ಬಿಟ್ಟು ತಟ್ಟುತ್ತದೆಂದು ತಿದ್ದಿಕೊಂಡರು.

ಹರ್ಬರ್ಟ್ ಎಡವಿದ್ದು ಈ ತಿದ್ದುವ ಜನರನ್ನು ಕಾಣದೆ. ಅರಾಕಿಸ್‌ನಲ್ಲಿ ವಾಣಿ ಮೇಲಿನಿಂದ ಇಳಿಯುತ್ತದೆ, ಫ್ರೆಮೆನ್ನರು ಬರೀ ಹದಮಾಡಿದ ಹೊಲ. ಲಿಸಾನ್ ಎಂದರೆ ನಾಲಿಗೆ; ಆ ಜನಕ್ಕೆ ಇಲ್ಲದ್ದೂ ಅದೇ. ಡೆನಿ ವಿಲ್ನೆವ್ 2024ರ ಚಿತ್ರದಲ್ಲಿ ಫ್ರೆಮೆನ್ ಹುಡುಗಿ ಚಾನಿಯ ಬಾಯಿಗೆ ಸಂಶಯ ಕೊಟ್ಟು ಕೊರತೆಯನ್ನು ಅರ್ಧ ತುಂಬಿದ. ಆದರೂ ಆಕೆ ಒಂಟಿಯಾಗಿ ಎದ್ದು ಹೋಗುತ್ತಾಳೆ, ಹೊಸ ಕಥೆ ಕಟ್ಟುವುದಿಲ್ಲ.

ಇಲ್ಲಿ ಸೋತವಳ ಮಾತು ಗೆದ್ದವರ ಮನೆಯೊಳಗೇ ಬೇರು ಬಿಟ್ಟಿತು. ನವರಾತ್ರಿಯಲ್ಲಿ ಮೈಸೂರು ಅರಮನೆ ಅಲಮೇಲಮ್ಮನ ಮೂರ್ತಿಗೆ ಪೂಜೆ ಸಲ್ಲಿಸುತ್ತದೆ.